ಒಣಮರದ ಬೆನ್ನು ಹತ್ತಿ ನಾಲ್ಕು ದಿನ

ಫೋಟೋ ಹುಚ್ಚು ಇರುವವರ ಜೊತೆ ಪ್ರವಾಸ ಹೋಗಬಾರದು ಅಂತ ನನ್ನ ಗೆಳೆಯ ಈಗಲೂ ಹೇಳುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಅವನನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಬೆಟ್ಟದ ಸುತ್ತ ಓಡಾಡಿಸಿದೆ. ಕಾರು ಅವನದು, ಡ್ರೈವಿಂಗ್ ಅವನದು, ನಿದ್ದೆಗೆಟ್ಟವನೂ ಅವನೇ. ನನಗೆ ಬೇಕಿದ್ದದ್ದು ಒಂದೇ ಒಂದು ಫೋಟೋ. ಮುಂದೆ ಒಂದು ಸತ್ತ ಮರ, ಹಿಂದೆ ಅದನ್ನು ಕೊಂದ ಜ್ವಾಲಾಮುಖಿ.

"ಸತ್ತ ಮರ ನೋಡೋಕೆ ಇಷ್ಟು ದೂರ ಹೋಗಬೇಕಾ?" ಅಂತ ಹೊರಡುವ ಹಿಂದಿನ ರಾತ್ರಿ ಕೇಳಿದ. ಹೋಗಬೇಕು ಅಂದೆ. ಬ್ಯಾಗು ಕಾರಿಗೆ ಏರಿತು.

ಮೊದಲ ದಿನ: ಪಶ್ಚಿಮದ ಕಡೆಯಿಂದ

ಪೋರ್ಟ್‌ಲ್ಯಾಂಡ್‌ನಿಂದ ಬೆಳಿಗ್ಗೆ ಹೊರಟು, ಐ-5 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಕ್ಯಾಸಲ್ ರಾಕ್ ಎಂಬ ಸಣ್ಣ ಊರಿನ ಹತ್ತಿರ ಬಲಕ್ಕೆ ತಿರುಗಿದೆವು. ಅಲ್ಲಿಂದ 504ನೇ ನಂಬರಿನ ರಸ್ತೆ. ಸುಮಾರು 84 ಕಿ.ಮೀ. ಹೋದರೆ ಬೆಟ್ಟದ ಎದುರಿಗೇ ಬಿಡುತ್ತದೆ. ದಾರಿಯುದ್ದಕ್ಕೂ ಕಾಡು. ಆದರೆ ನೋಡುತ್ತಾ ಹೋದ ಹಾಗೆ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲಾ ಮರಗಳೂ ಒಂದೇ ಎತ್ತರ, ಒಂದೇ ದಪ್ಪ, ಒಂದೇ ಹಸಿರು. ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಹಾಗೆ. ಕಾರಣ ರಸ್ತೆ ಬದಿಯ ಫಲಕಗಳಲ್ಲೇ ಇತ್ತು. 1980ರ ಸ್ಫೋಟದ ನಂತರ ವೇಯರ್‌ಹೌಸರ್ ಎಂಬ ಮರದ ಕಂಪನಿ ತನ್ನ ಜಾಗದಲ್ಲಿ ಬಿದ್ದ ಮರಗಳನ್ನೆಲ್ಲ ಎತ್ತಿ ಸಾಗಿಸಿ, 1 ಕೋಟಿ 80 ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟಿತು. ನಾವು ನೋಡುತ್ತಿದ್ದದ್ದು ಆ ಸಸಿಗಳನ್ನು.

ಹಾಗಾದರೆ ಸತ್ತ ಮರ ಎಲ್ಲಿ? ಗೆರೆಯ ಆಚೆ ಕಡೆ. 1982ರಲ್ಲಿ ಅಮೆರಿಕದ ಸಂಸತ್ತು 1,10,000 ಎಕರೆ ಜಾಗವನ್ನು ಜ್ವಾಲಾಮುಖಿ ಸ್ಮಾರಕ ಅಂತ ಬೇರೆ ಮಾಡಿತು. ಅಲ್ಲಿ ನೆಡುವ ಹಾಗಿಲ್ಲ, ಬಿದ್ದದ್ದನ್ನು ಎತ್ತುವ ಹಾಗಿಲ್ಲ, ನೆಲಕ್ಕೆ ತೋಚಿದ್ದನ್ನು ನೆಲವೇ ಮಾಡಿಕೊಳ್ಳಲಿ ಅಂತ ಬಿಟ್ಟುಬಿಟ್ಟರು. ಗೆರೆ ದಾಟಿದ್ದು ಯಾರೂ ಹೇಳದೆಯೇ ತಿಳಿಯುತ್ತದೆ. ಸಾಲು ಮುಗಿದು, ಚೆಲ್ಲಾಪಿಲ್ಲಿ ಶುರುವಾಗುತ್ತದೆ.

ರಸ್ತೆಯ ತುದಿಯಲ್ಲಿ ಜಾನ್‌ಸ್ಟನ್ ರಿಡ್ಜ್ ವೀಕ್ಷಣಾಲಯ. ತಲೆಗೆ 8 ಡಾಲರ್ ಕೊಟ್ಟು ಕೈಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡೆವು. ಒಳಗೆ ಒಂದು ಕಿರುಚಿತ್ರ ತೋರಿಸಿದರು. ಮುಗಿದ ಕೂಡಲೇ ಪರದೆ ಮೇಲಕ್ಕೆ ಹೋಯಿತು, ಅದರ ಹಿಂದೆ ದೊಡ್ಡ ಗಾಜು, ಗಾಜಿನಾಚೆ ನಿಜವಾದ ಬೆಟ್ಟ. ನಾಟಕದ ತಂತ್ರ ಅಂತ ಗೊತ್ತಿದ್ದರೂ ಮೈ ಜುಮ್ಮೆಂದಿತು. ಬೆಟ್ಟಕ್ಕೆ ನಮ್ಮ ಕಡೆಯ ಗೋಡೆಯೇ ಇಲ್ಲ. ಕುದುರೆ ಲಾಳದ ಹಾಗೆ ಬಾಯಿ ತೆರೆದು ಉತ್ತರಕ್ಕೆ, ಅಂದರೆ ನೇರ ನಮ್ಮ ಕಡೆಗೆ ನೋಡುತ್ತಿದೆ.

ಆಗಿದ್ದು ಇಷ್ಟು. 1980ರ ಮಾರ್ಚ್‌ನಲ್ಲಿ ನೆಲ ನಡುಗಲು ಶುರುವಾಯಿತು, ಹಬೆ ಎದ್ದಿತು. ಒಳಗೆ ಸೇರುತ್ತಿದ್ದ ಕಲ್ಲಿನ ಪಾಕ ಬೆಟ್ಟದ ಉತ್ತರ ಮೈಯನ್ನು ದಿನಕ್ಕೆ ಸುಮಾರು ಒಂದೂವರೆ ಮೀಟರ್‌ನಷ್ಟು ಹೊರಕ್ಕೆ ಉಬ್ಬಿಸುತ್ತಾ ಹೋಯಿತು. ಮೇ 18, ಭಾನುವಾರ, ಬೆಳಿಗ್ಗೆ 8.32ಕ್ಕೆ 5.1 ತೀವ್ರತೆಯ ಭೂಕಂಪ. ಆ ಉಬ್ಬಿದ ಮೈ ಪೂರ್ತಿ ಜಾರಿತು. ದಾಖಲೆಯಲ್ಲಿರುವ ಭೂಕುಸಿತಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಕುಕ್ಕರ್ ಸೀಟಿ ಮೇಲಕ್ಕೆ ಹೊಡೆಯುವ ಬದಲು ಪಕ್ಕದ ಗೋಡೆಯೇ ಕಿತ್ತುಹೋದರೆ ಹೇಗಿರುತ್ತದೋ ಹಾಗೆ. ಒತ್ತಡವೆಲ್ಲ ಅಡ್ಡಕ್ಕೆ ನುಗ್ಗಿತು. ಗಂಟೆಗೆ 480 ಕಿ.ಮೀ. ಮೀರಿದ ವೇಗ, 350 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ, ಒಳಗೆ ಕಲ್ಲು, ಬೂದಿ. ಸುಮಾರು 600 ಚದರ ಕಿ.ಮೀ. ಕಾಡು ನಾಶವಾಯಿತು. 57 ಜನ ಸತ್ತರು. 2,950 ಮೀಟರ್ ಇದ್ದ ಬೆಟ್ಟ 2,549ಕ್ಕೆ ಇಳಿಯಿತು.

ವೀಕ್ಷಣಾಲಯಕ್ಕೆ ಹೆಸರು ಬಂದಿದ್ದು ಡೇವಿಡ್ ಜಾನ್‌ಸ್ಟನ್ ಅವರಿಂದ. 30 ವರ್ಷದ ವಿಜ್ಞಾನಿ. ಆ ಬೆಳಿಗ್ಗೆ ಇದೇ ದಿಣ್ಣೆಯ ಮೇಲೆ ಬೆಟ್ಟವನ್ನು ಅಳೆಯುತ್ತಾ ಕೂತಿದ್ದರು. ಅವರ ದೇಹ ಕೊನೆಗೂ ಸಿಗಲಿಲ್ಲ.

ಹೊರಗೆ ಸಣ್ಣ ಕಾಲುದಾರಿ ಇದೆ. ಅದರ ಪಕ್ಕದಲ್ಲೇ ನನ್ನ ಮೊದಲ ಸತ್ತ ಮರ ಸಿಕ್ಕಿತು. ಮರ ಅನ್ನಬಾರದು, ಮೋಟು. ಮೊಣಕಾಲೆತ್ತರಕ್ಕೆ ಸೀಳಿ ಮುರಿದಿದೆ. ಸವೆದ ಪೊರಕೆಯ ಹಾಗೆ ಸಿಬಿರು ಸಿಬಿರು. ಬುಡ ಮಾತ್ರ ಅಲ್ಲಾಡಿಲ್ಲ, ಬೇರು ಬಿಗಿಯಾಗಿ ಹಿಡಿದಿದೆ. ಸಿಬಿರುಗಳೆಲ್ಲ ಒಂದೇ ಕಡೆ ವಾಲಿರುವುದನ್ನು ನೋಡಿದೆ, ಚೆನ್ನಾಗಿದೆ ಅಂದುಕೊಂಡೆ, ಕ್ಲಿಕ್ ಮಾಡಿದೆ, ಮುಂದೆ ಹೋದೆ. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಎತ್ತರದ ಮರ. ಮೋಟು ಕಟ್ಟಿಕೊಂಡು ಏನು ಮಾಡಲಿ?

ದಾರಿ ಬಿಟ್ಟು ಆಚೆ ಕಾಲಿಟ್ಟರೆ ಕನಿಷ್ಠ 100 ಡಾಲರ್ ದಂಡ ಅಂತ ಬೋರ್ಡು. ಗೆಳೆಯ ಅದನ್ನು ನನಗೆ ಎರಡು ಸಲ ಓದಿ ಹೇಳಿದ.

(ಈ ಕಡೆಯಿಂದ ಹೋಗುವ ಯೋಚನೆ ಇದ್ದರೆ ಮೊದಲು ವಿಚಾರಿಸಿಕೊಳ್ಳಿ. 2023ರ ಮೇನಲ್ಲಿ ಮಣ್ಣು ಕುಸಿದು ಈ ರಸ್ತೆಯ ಸೇತುವೆಯೊಂದನ್ನು ಕೊಚ್ಚಿಕೊಂಡು ಹೋಯಿತು, ವೀಕ್ಷಣಾಲಯಕ್ಕೆ ದಾರಿ ಮುಚ್ಚಿತು. ಆ ಬೆಟ್ಟ ಇನ್ನೂ ಸುಮ್ನೆ ಕೂತಿಲ್ಲ.)

ರಾತ್ರಿ ಊಟದ ಹೊತ್ತಿಗೆ ಗೆಳೆಯನಿಗೆ ರಾಬರ್ಟ್ ಲ್ಯಾಂಡ್ಸ್‌ಬರ್ಗ್ ಅವರ ಕಥೆ ಹೇಳಿದೆ. ಅವರೂ ಫೋಟೋಗ್ರಾಫರ್. ಆ ಬೆಳಿಗ್ಗೆ ಬೆಟ್ಟದ ಹತ್ತಿರವೇ ಇದ್ದರು. ಬೂದಿಯ ಮೋಡ ಮೈಮೇಲೆ ಬರುತ್ತಿರುವುದನ್ನು ನೋಡುತ್ತಾ ಕ್ಲಿಕ್ ಮಾಡಿದರು. ಓಡಿ ಉಳಿಯುವಷ್ಟು ಸಮಯವಿಲ್ಲ ಅಂತ ಗೊತ್ತಾದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ, ಬ್ಯಾಗಿನ ಮೇಲೆ ತಾವೇ ಮಲಗಿದರು. 17 ದಿನಗಳ ನಂತರ ದೇಹ ಸಿಕ್ಕಿತು. ರೀಲೂ ಸಿಕ್ಕಿತು, ಚಿತ್ರಗಳೂ ಬಂದವು. ಗೆಳೆಯ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನೀನು ಹಾಗೆಲ್ಲ ಮಾಡಬೇಡ" ಅಂದ.

ಎರಡನೇ ದಿನ: ಸುತ್ತಿ ಬಳಸಿ ಪೂರ್ವಕ್ಕೆ

ಬೆಟ್ಟದ ಪಶ್ಚಿಮದಿಂದ ಪೂರ್ವಕ್ಕೆ ನೇರ ದಾರಿ ಇಲ್ಲ. ಮತ್ತೆ ಐ-5ಕ್ಕೆ ಬಂದು, ಉತ್ತರಕ್ಕೆ ಹೋಗಿ, 12ನೇ ಹೆದ್ದಾರಿ ಹಿಡಿದು ರ್‍ಯಾಂಡಲ್ ಎಂಬ ಊರು ತಲುಪಬೇಕು. ಅರ್ಧ ದಿನ ಅದಕ್ಕೇ ಹೋಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ರ್‍ಯಾಂಡಲ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಲೇಬೇಕು, ಮುಂದೆ ಬಂಕ್ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಸಿಗ್ನಲ್ ಕೂಡ ಇಲ್ಲ.

25ನೇ ಅರಣ್ಯ ರಸ್ತೆ, ಆಮೇಲೆ 99. ಕಿರಿದು, ಬಳುಕು, ಅಲ್ಲಲ್ಲಿ ಡಾಂಬರು ಕುಸಿದಿದೆ. ಎರಡೂ ಕಡೆ ಹಳೆಯ ದೊಡ್ಡ ಕಾಡು. ಡಗ್ಲಸ್ ಫರ್, ಹೆಮ್ಲಾಕ್. ಮಧ್ಯಾಹ್ನದಲ್ಲೂ ಹೆಡ್‌ಲೈಟ್ ಹಾಕಬೇಕು ಅನ್ನಿಸುವಷ್ಟು ಕತ್ತಲು.

ಬೇರ್ ಮೆಡೋ ಎಂಬಲ್ಲಿ ನಿಲ್ಲಿಸಿದೆ. ನೋಡಲು ಏನೂ ಇಲ್ಲದ ಜಾಗ. ಒಂದು ತಿರುವು, ಒಂದು ಫಲಕ, ದೂರದಲ್ಲಿ ಬೆಟ್ಟದ ತುದಿ. ಆದರೆ ನನಗೆ ಇದು ದೇವಸ್ಥಾನ ಇದ್ದ ಹಾಗೆ. ಆ ಬೆಳಿಗ್ಗೆ ಗ್ಯಾರಿ ರೋಸೆನ್‌ಕ್ವಿಸ್ಟ್ ಅನ್ನುವವರು ಇಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟುಕೊಂಡಿದ್ದರು. ಬೆಟ್ಟದ ಮೈ ಜಾರಲು ಶುರುವಾದದ್ದೇ ಒಂದರ ಹಿಂದೆ ಒಂದು ಕ್ಲಿಕ್ ಮಾಡಿದರು, ಆಮೇಲೆ ಕಾರು ಹತ್ತಿ ಓಡಿದರು. ಬೆಟ್ಟ ಹೇಗೆ ಕುಸಿಯಿತು, ಯಾವ ತುಂಡು ಮೊದಲು, ಯಾವುದು ಆಮೇಲೆ ಅಂತ ವಿಜ್ಞಾನಿಗಳು ಕ್ಷಣ ಕ್ಷಣ ಲೆಕ್ಕ ಹಾಕಿದ್ದರಲ್ಲಿ ಆ ಚಿತ್ರಗಳ ಪಾಲು ದೊಡ್ಡದು. ಬಿಸಿಯ ಅಲೆ ಇಲ್ಲಿಗೆ ಮುಟ್ಟುವ ಮೊದಲೇ ನಿಂತಿತು. ಹಾಗಾಗಿ ಮರವೂ ಉಳಿಯಿತು, ಅವರೂ ಉಳಿದರು.

ಅಲ್ಲಿಂದ ಸ್ವಲ್ಪವೇ ಮುಂದೆ ಒಂದು ತಿರುವು. ತಿರುಗಿದರೆ ಕಾಡು ಇಲ್ಲ.

ಸುಮ್ನೆ ಹೇಳುತ್ತಿಲ್ಲ, ಬಾಗಿಲು ದಾಟಿದ ಹಾಗೆ ಇರುತ್ತದೆ. ಈ ಕಡೆ ಕತ್ತಲ ಕಾಡು, ಆ ಕಡೆ ಬೆಳಕೋ ಬೆಳಕು. ಮೊದಲು ಬರುವುದು ನಿಂತೇ ಸತ್ತ ಮರಗಳ ಪಟ್ಟಿ. ಇಲ್ಲಿಗೆ ಬರುವ ಹೊತ್ತಿಗೆ ಅಲೆಗೆ ಬೀಳಿಸುವ ಶಕ್ತಿ ಉಳಿದಿರಲಿಲ್ಲ, ಸುಡುವ ಬಿಸಿ ಮಾತ್ರ ಇತ್ತು. ಒಳಗೆ ಹೋದ ಹಾಗೆ ಬಿದ್ದ ಮರಗಳು ಶುರು. ಗುಡ್ಡದ ಮೈತುಂಬಾ, ತಲೆ ಬಾಚಿದ ಹಾಗೆ, ಎಲ್ಲಾ ಒಂದೇ ದಿಕ್ಕಿಗೆ. 39 ವರ್ಷದ ಬಿಸಿಲು, ಹಿಮ ಕಂಡು ಬೆಳ್ಳಿಯ ಬಣ್ಣಕ್ಕೆ ತಿರುಗಿವೆ. ಅವುಗಳ ಸಂದಿಯಲ್ಲಿ ಹೊಸ ಫರ್ ಗಿಡಗಳು.

ಮೆಟಾ ಸರೋವರದ ಹತ್ತಿರ ಒಂದು ಕಾರು ಇಟ್ಟಿದ್ದಾರೆ. ಇಟ್ಟಿದ್ದಾರೆ ಅನ್ನುವುದಕ್ಕಿಂತ ಬಿಟ್ಟಿದ್ದಾರೆ. 1973ರ ಪಾಂಟಿಯಾಕ್, ಈಗ ಬರೀ ತುಕ್ಕು ಹಿಡಿದ, ಚಪ್ಪಟೆಯಾದ ತಗಡು. ಹತ್ತಿರದ ಗಣಿಗೆ ಬಂದಿದ್ದ ಕುಟುಂಬದ್ದು. ಅವರು ಬದುಕಲಿಲ್ಲ. ಅದರ ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ಮರಕ್ಕೆ ಇಲ್ಲದ ಮುಜುಗರ ಕಾರಿಗೆ ಯಾಕೆ ಬಂತೋ ಗೊತ್ತಿಲ್ಲ.

ವಿಚಿತ್ರ ಏನೆಂದರೆ ಅದೇ ಸರೋವರದ ದಂಡೆಯಲ್ಲಿ ಆ ದಿನ ಸಾಯದೆ ಉಳಿದ ಮರಗಳೂ ಇವೆ. ಮೇ ತಿಂಗಳಾದರೂ ಅಲ್ಲಿ ಹಿಮ ಕರಗಿರಲಿಲ್ಲ. ಎತ್ತರದ ಮರಗಳು ಹಿಮದ ಮೇಲೆ ತಲೆ ಎತ್ತಿ ನಿಂತಿದ್ದವು, ಸತ್ತವು. ಪುಟ್ಟ ಗಿಡಗಳು ಹಿಮದಡಿ ಮುದುಡಿಕೊಂಡಿದ್ದವು, ಉಳಿದವು. ಸರೋವರದ ಮೇಲಿನ ಮಂಜುಗಡ್ಡೆಯ ಕೆಳಗೆ ಮೀನು, ಕಪ್ಪೆ ಕೂಡ ಉಳಿದವು.

ಇಂಡಿಪೆಂಡೆನ್ಸ್ ಪಾಸ್ ಎಂಬ ಕಾಲುದಾರಿ ಶುರುವಾಗುವಲ್ಲಿ ಮಧ್ಯಾಹ್ನ ಮೂರಕ್ಕೆ ನಿಂತೆವು. ಸುಮ್ನೆ ನೋಡಿ ಬರೋಣ ಅಂತ ಹತ್ತಿದ್ದು. ಇಪ್ಪತ್ತು ನಿಮಿಷ ನಡೆದಿರಬೇಕು, ಒಂದು ಮೂಲೆ ತಿರುಗಿದೆ, ಅಲ್ಲೇ ನಿಂತೆ. ಇಳಿಜಾರಿನಲ್ಲಿ ಒಂದೇ ಒಂದು ಮರ. ಸುಮಾರು ಎಂಟು ಆಳೆತ್ತರ. ತುದಿ ಮುರಿದಿದೆ, ಮೈ ಸ್ವಲ್ಪ ತಿರುಚಿದೆ, ನಮ್ಮ ಕಡೆಗೆ ಮುರುಕು ಕೊಂಬೆಗಳು ಗೂಟದ ಹಾಗೆ ಚಾಚಿವೆ. ಅದರ ಕೆಳಗೆ ಸ್ಪಿರಿಟ್ ಸರೋವರ. ಅದರ ಹಿಂದೆ ತೆರೆದ ಬಾಯಿಯ ಬೆಟ್ಟ. ನಾನು ತಿಂಗಳುಗಟ್ಟಲೆ ತಲೆಯಲ್ಲಿ ಬರೆದುಕೊಂಡಿದ್ದ ಚಿತ್ರ ಹಾಗೇ ಎದುರಿಗೆ ನಿಂತಿತ್ತು.

ಬೆಳಕು ಮಾತ್ರ ಕೆಟ್ಟದಾಗಿತ್ತು. ಸೂರ್ಯ ಬೆಟ್ಟದ ಮೇಲೆಯೇ ಕೂತಿದ್ದ. ಬೆಟ್ಟ ಬೂದು ಬೂದು, ಮರ ಕರ್ರಗೆ. ಬೆಳಿಗ್ಗೆ ಬಂದರೆ ಸೂರ್ಯ ನಮ್ಮ ಬೆನ್ನ ಕಡೆ ಇರುತ್ತಾನೆ, ಮರಕ್ಕೂ ಬೆಟ್ಟಕ್ಕೂ ಒಟ್ಟಿಗೇ ಬೆಳಕು ಬೀಳುತ್ತದೆ. "ಎಷ್ಟು ಹೊತ್ತಿಗೆ ಬರಬೇಕು?" ಅಂತ ಗೆಳೆಯ ಕೇಳಿದ. ನಾನು ಹೇಳಲಿಲ್ಲ. ಊಟ ಆದ ಮೇಲೆ ಹೇಳೋಣ ಅಂದುಕೊಂಡೆ.

ರಸ್ತೆಯ ಕೊನೆ ವಿಂಡಿ ರಿಡ್ಜ್. ಹೆಸರಿಗೆ ತಕ್ಕ ಹಾಗೆ ಗಾಳಿ. ಪಾರ್ಕಿಂಗ್ ಪಕ್ಕದ ಗುಡ್ಡಕ್ಕೆ ಮರಳಲ್ಲಿ ಹೂತ ಮೆಟ್ಟಿಲುಗಳಿವೆ, 368. ನಾನು ಎಣಿಸಲಿಲ್ಲ, ಗೆಳೆಯ ಎಣಿಸಿದ. ಅವನಿಗೆ 361 ಬಂತು. ಮೇಲಿಂದ ನೋಡಿದರೆ ಸ್ಪಿರಿಟ್ ಸರೋವರ ಪೂರ್ತಿ ಕಾಣುತ್ತದೆ. ನೀರಿನ ಮೇಲೆ ಒಂದು ಕಡೆ ಬೂದು ಬಣ್ಣದ ಚಾಪೆ ಹಾಸಿದ ಹಾಗಿತ್ತು. ದಡ ಅಂದುಕೊಂಡಿದ್ದೆ. ಜೂಮ್ ಮಾಡಿದರೆ ಅಷ್ಟೂ ಮರದ ದಿಮ್ಮಿ.

ಬೆಟ್ಟ ಕುಸಿದಾಗ ಅದರ ಒಂದು ಭಾಗ ನೇರ ಈ ಸರೋವರಕ್ಕೆ ಬಿತ್ತು. ನೀರು ಎದುರಿನ ಗುಡ್ಡಗಳ ಮೇಲೆ 250 ಮೀಟರ್‌ಗೂ ಎತ್ತರಕ್ಕೆ ಏರಿ, ಅಲ್ಲಿದ್ದ ಮರಗಳನ್ನೆಲ್ಲ ಗುಡಿಸಿಕೊಂಡು ವಾಪಸ್ ಇಳಿಯಿತು. ಸರೋವರದ ಮಟ್ಟವೇ 60 ಮೀಟರ್‌ನಷ್ಟು ಮೇಲೆ ಬಂತು. ಆ ಮರಗಳು ಇವತ್ತಿಗೂ ತೇಲುತ್ತಿವೆ. ದಡದಲ್ಲಿ ವಸತಿಗೃಹ ನಡೆಸುತ್ತಿದ್ದ ಹ್ಯಾರಿ ಟ್ರೂಮನ್ ಎಂಬ 83 ವರ್ಷದ ಅಜ್ಜ ಎಷ್ಟು ಹೇಳಿದರೂ ಜಾಗ ಬಿಟ್ಟು ಬಂದಿರಲಿಲ್ಲ. ಅವರು, ಅವರ ಬೆಕ್ಕುಗಳು, ಮನೆ, ಎಲ್ಲಾ ಆ ಮಣ್ಣಿನ ಅಡಿಯಲ್ಲೇ ಇವೆ.

ಇಲ್ಲಿ ನಾನು ಒಂದು ಪೆದ್ದ ಕೆಲಸ ಮಾಡಿದೆ. ಆ ಗಾಳಿಯಲ್ಲಿ ನಿಂತು ಲೆನ್ಸ್ ಬದಲಾಯಿಸಿದೆ. ಅಲ್ಲಿನ ಗಾಳಿಯಲ್ಲಿ ಇರುವುದು ಬರೀ ಧೂಳಲ್ಲ, ಪ್ಯೂಮಿಸ್ ಪುಡಿ. ನೊರೆ ಹೆಪ್ಪುಗಟ್ಟಿದ ಹಾಗಿರುವ ಕಲ್ಲು, ನೀರಲ್ಲಿ ಹಾಕಿದರೆ ತೇಲುತ್ತದೆ, ಪುಡಿಯಾದರೆ ಗಾಜಿನ ಚೂರು. ಎಲ್ಲಾ ಗೊತ್ತಿದ್ದೂ ಮಾಡಿದೆ. ಆತುರ.

ಮೂರನೇ ದಿನ: ಮರದ ಎರಡು ಮುಖ

ಬೆಳಿಗ್ಗೆ ನಾಲ್ಕಕ್ಕೆ ರ್‍ಯಾಂಡಲ್ ಬಿಟ್ಟೆವು. ಗೆಳೆಯ ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಟಾರ್ಚ್ ಹಿಡಿದು ಕಾಲುದಾರಿ ಹತ್ತಿದೆವು. ಕತ್ತಲಲ್ಲಿ ಸತ್ತ ಮರಗಳು ನಿಜಕ್ಕೂ ಹೆದರಿಸುತ್ತವೆ. ಟಾರ್ಚ್ ಬಿದ್ದಲ್ಲಿ ಬಿಳಿಯ ಕಂಬವೊಂದು ಎದ್ದು ನಿಂತು ಮತ್ತೆ ಮಾಯವಾಗುತ್ತದೆ.

ಏಳರ ಹತ್ತಿರ ಸೂರ್ಯ ಬಂದ. ಮೊದಲು ಬೆಟ್ಟದ ಅಂಚಿಗೆ ಗುಲಾಬಿ ಬಣ್ಣ, ಆಮೇಲೆ ಬಾಯಿಯ ಒಳಗಿನ ಲಾವಾ ಗುಮ್ಮಟದ ಒಂದು ಮಗ್ಗುಲು ಬೆಳಗಿತು. ಆ ಗುಮ್ಮಟ 1980ರ ನಂತರ ಬೆಳೆದದ್ದು. 1986ರವರೆಗೆ ಒಂದು ಕಂತು, 2004ರಿಂದ 2008ರವರೆಗೆ ಇನ್ನೊಂದು. ಕೊನೆಗೆ ನನ್ನ ಮರದ ಮೇಲೆ ಬೆಳಕು ಬಂತು. ಬುಡದಿಂದ ತುದಿಯವರೆಗೆ ಹೊನ್ನಿನ ಬಣ್ಣ. ಕೆಳಗೆ ಸರೋವರದ ಮೇಲೆ ತೆಳು ಮಂಜು. ಇದಕ್ಕಿಂತ ಚೆನ್ನಾಗಿ ಬೇಡಿಕೊಳ್ಳಲೂ ಬರುವುದಿಲ್ಲ. 140 ಸಲ ಕ್ಲಿಕ್ ಮಾಡಿದೆ.

ಬಂಡೆಯ ಮೇಲೆ ಕೂತು ಗೆಳೆಯನಿಗೆ ತೋರಿಸಿದೆ. ಫ್ಲಾಸ್ಕ್‌ನ ಕಾಫಿ ಕುಡಿಯುತ್ತಾ ನೋಡಿದ. "ಚೆನ್ನಾಗಿದೆ" ಅಂದ. ಆಮೇಲೆ, "ಮೊನ್ನೆ ಆ ವೀಕ್ಷಣಾಲಯದ ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ಇತ್ತಲ್ವಾ, ಅದೇ ತರ ಬಂದಿದೆ" ಅಂದ. ಹೊಗಳಿಕೆ ಅಂತಲೇ ಹೇಳಿದ್ದು.

ಮತ್ತೆ ನೋಡಿದೆ. ನಿಜ. ಮರ, ಸರೋವರ, ಬೆಟ್ಟ, ಹೊನ್ನಿನ ಬೆಳಕು. ಎಲ್ಲಾ ಇದೆ, ಏನೂ ಆಗಿಲ್ಲ. ಮರದ ಜಾಗದಲ್ಲಿ ಒಂದು ಬೆಂಚು ಇದ್ದರೂ ನಡೆಯುತ್ತಿತ್ತು. ಇದರ ಮೇಲೆ ಆಕಾಶದಲ್ಲಿ ಏಳು ಕಪ್ಪು ಚುಕ್ಕೆ. ಹಿಂದಿನ ದಿನದ ಪ್ಯೂಮಿಸ್ ಸೆನ್ಸರ್ ಮೇಲೆ ಕೂತಿತ್ತು. ಬ್ಲೋಯರ್ ಹಾಕಿ ಊದಿದೆ. ಏಳು ಹೋಗಿ ಐದಾಯಿತು.

ಹೊತ್ತು ಕಳೆಯಲು ಹಾರ್ಮನಿ ದಾರಿಯಲ್ಲಿ ಸರೋವರಕ್ಕೆ ಇಳಿದೆವು. ಸ್ಪಿರಿಟ್ ಸರೋವರದ ದಡ ಮುಟ್ಟಲು ಜನರಿಗೆ ಬಿಟ್ಟಿರುವುದು ಇದೊಂದೇ ದಾರಿ. ಎರಡು ಕಿ.ಮೀ. ಇಳಿತ. ನಿನ್ನೆ ಮೇಲಿಂದ ನೋಡಿದಾಗ ದಿಮ್ಮಿಗಳ ಚಾಪೆ ಆಚೆ ದಡದಲ್ಲಿತ್ತು. ಇವತ್ತು ಈಚೆ ಬಂದಿದೆ. ಗಾಳಿ ಬೀಸಿದ ಕಡೆಗೆ ಊರಿಗೆ ಊರೇ ಗುಳೆ ಹೋದ ಹಾಗೆ. ನೀರು ಅಲ್ಲಾಡಿದಾಗ ಒಂದಕ್ಕೊಂದು ತಾಗಿ ಟೊಕ್, ಟೊಕ್ ಅನ್ನುತ್ತವೆ. ಕೆಲವು ಬೇರಿನ ಕಡೆ ಭಾರವಾಗಿ ನೀರಲ್ಲಿ ನೆಟ್ಟಗೆ ನಿಂತುಬಿಡುತ್ತವಂತೆ, ಹಾಗೇ ನಿಂತುಕೊಂಡೇ ಮುಳುಗುತ್ತವಂತೆ. ತಳದಲ್ಲಿ ಅಂಥ ಮರಗಳು ಇನ್ನೊಂದು ಕಾಡಿನ ಹಾಗೆ ನಿಂತಿವೆ. ಅಲ್ಲಿ ಒಂದು ಗಂಟೆ ಕೂತೆವು. ಗೆಳೆಯ ಮಲಗಿ ಗೊರಕೆ ಹೊಡೆದ.

ಮಧ್ಯಾಹ್ನ ಮತ್ತೆ ಇಂಡಿಪೆಂಡೆನ್ಸ್ ಪಾಸ್‌ಗೆ ಹೋದದ್ದು ಫೋಟೋಗಲ್ಲ, ಹಕಲ್‌ಬೆರಿಗೆ. ಬೆಳಿಗ್ಗೆ ಬರುವಾಗ ದಾರಿ ಬದಿಯಲ್ಲಿ ಕಾಯಿ ಮಾಗಿ ಕಪ್ಪಾಗಿದ್ದನ್ನು ಗೆಳೆಯ ನೋಡಿಟ್ಟುಕೊಂಡಿದ್ದ. ಮಾಗಿದ್ದು ಸಿಹಿ, ಸ್ವಲ್ಪ ಹುಳಿ, ಬೆರಳೆಲ್ಲ ನೇರಳೆ. ಅವನು ತಿನ್ನುತ್ತಾ ಕೂತ. ನಾನು ದಾರಿಗೆ ತಾಗಿಕೊಂಡೇ ಬಿದ್ದಿದ್ದ ದಿಮ್ಮಿಯ ಮೇಲೆ ಕೂರಲು ಹೋಗಿ ಕೈ ಇಟ್ಟೆ. ಕೈಗೆ ಒರಟು.

ಬಗ್ಗಿ ನೋಡಿದೆ. ದಿಮ್ಮಿಯ ಒಂದು ಮಗ್ಗುಲು ನುಣ್ಣಗಿದೆ, ಹತ್ತಿರ ಹತ್ತಿರ ಗೆರೆ, ತಲೆಗೂದಲಿನ ಹಾಗೆ. ಇನ್ನೊಂದು ಮಗ್ಗುಲು ಬೇರೆ ಮರದ್ದೇ ಅನ್ನುವ ಹಾಗಿದೆ. ಸಣ್ಣ ಸಣ್ಣ ಕುಳಿ. ಸಿಡುಬು ಎದ್ದು ಹೋದ ಮುಖದ ಹಾಗೆ. ಒಂದು ಕುಳಿಯ ತಳದಲ್ಲಿ ಏನೋ ಕಪ್ಪಗೆ ಇತ್ತು. ಉಗುರಿನಿಂದ ತಟ್ಟಿದೆ, ಅಲ್ಲಾಡಲಿಲ್ಲ. ಕಲ್ಲು. ಸಾಸಿವೆಗಿಂತ ಸ್ವಲ್ಪ ದಪ್ಪ, ಮೂಲೆ ಚೂಪು. ಪಕ್ಕದಲ್ಲಿ ಇನ್ನೊಂದು. ಸೀಳಿನೊಳಗೆ ಮೂರು. ಮರದೊಳಕ್ಕೆ ಹೊಕ್ಕು, ಸುತ್ತ ನಾರು ಮುಚ್ಚಿಕೊಂಡು, ಅಲ್ಲೇ ಕೂತಿವೆ. 350 ಡಿಗ್ರಿಯ ಗಾಳಿ, ಗಂಟೆಗೆ 480 ಕಿ.ಮೀ. ಅಂತ ನಾನೇ ಮೊನ್ನೆ ಗೆಳೆಯನಿಗೆ ಓದಿ ಹೇಳಿದ್ದೆ. ಆ ಅಂಕಿ ಈಗ ನನ್ನ ಉಗುರಿನ ಕೆಳಗಿತ್ತು.

ಎದ್ದು ನಿಂತು ಸುತ್ತ ನೋಡಿದೆ. ಬಿದ್ದ ಮರಗಳ ಬೇರೆಲ್ಲ ಬೆಟ್ಟದ ಕಡೆಗೆ, ತುದಿಯೆಲ್ಲ ಆಚೆಗೆ. ಕುಳಿ ಇರುವ ಮಗ್ಗುಲು ಯಾವುದು ಅಂತ ಕೇಳಬೇಕಾಗೇ ಇಲ್ಲ. ಮೊದಲ ದಿನದ ಮೋಟಿನ ಸಿಬಿರು ವಾಲಿದ್ದೂ ನೆನಪಾಯಿತು. ನಾನು ಬೆಳಿಗ್ಗೆ 140 ಸಲ ತೆಗೆದದ್ದು ನನ್ನ ಮರದ ಬೆನ್ನನ್ನು. ಬೆಟ್ಟ ಫ್ರೇಮಿನಲ್ಲಿ ಬರಬೇಕು ಅಂತ ನಿಂತರೆ ಸಿಗುವುದು ಬೆನ್ನು ಮಾತ್ರ. ಏಟು ಬಿದ್ದ ಮುಖ ಆ ಕಡೆಗಿದೆ, ಬೆಟ್ಟದ ಕಡೆಗೆ.

ದಾರಿ ಮರದ ಮೇಲಿಂದ ಬಳಸಿಕೊಂಡು ಹೋಗಿ ಮುಂದೆ ಒಂದು ಕಡೆ ಕೆಳಗಿಳಿಯುತ್ತದೆ. ಅಲ್ಲಿಗೆ ಹೋಗಿ ತಿರುಗಿ ನೋಡಿದೆ. ಮರಕ್ಕೂ ನನಗೂ ನಡುವೆ ಮೂವತ್ತು ಹೆಜ್ಜೆ, ಮತ್ತೆ 100 ಡಾಲರ್. ಹತ್ತಿರ ಹೋಗುವ ಹಾಗಿಲ್ಲ. 70-200 ಲೆನ್ಸ್ ಹಾಕಿದೆ, ಈ ಸಲ ಜಾಕೆಟ್ಟಿನ ಒಳಗೆ ಕೈ ಹಾಕಿ ಬದಲಾಯಿಸಿದೆ. ಬೆಳಿಗ್ಗೆ ನೋಡಿದ ಕೊಂಬೆಯ ಗೂಟಗಳು ಈ ಕಡೆ ಒಂದೂ ಇಲ್ಲ. ಬೋಳು. ಎದೆಯ ಮಟ್ಟದಿಂದ ಮೇಲಕ್ಕೆ ಉಳಿ ಹಾಕಿ ಕೆತ್ತಿದ ಹಾಗೆ ಒಳಕ್ಕೆ ಹೋಗಿದೆ. ಅರ್ಧ ಎತ್ತರದಲ್ಲಿ ಎರಡು ದುಂಡು ತೂತು, ಅವು ಮಾತ್ರ ಹೊಸದು. ಮರಕುಟಿಗನ ಕೆಲಸ.

ಬೆಳಕು ಬರಲು ಇನ್ನೂ ಮೂರು ಗಂಟೆ ಇತ್ತು. ಕಾದೆ. ಈ ಮುಖಕ್ಕೆ ಬೆಳಗಿನ ಬಿಸಿಲು ಬೀಳುವುದೇ ಇಲ್ಲ, ಸಂಜೆಯದು ಮಾತ್ರ. ಗೆಳೆಯ ಬಂದು ಪಕ್ಕ ಕೂತ, ನೇರಳೆ ನಾಲಿಗೆ ತೋರಿಸಿದ. ಬೆಟ್ಟ ನಮ್ಮಿಬ್ಬರ ಹಿಂದೆ ಇತ್ತು. ಅದಕ್ಕೆ ಬೆನ್ನು ಹಾಕಿ ಅಷ್ಟು ಹೊತ್ತು ಕೂತಿದ್ದು ಆ ನಾಲ್ಕು ದಿನದಲ್ಲಿ ಅದೇ ಮೊದಲು. ಬೆನ್ನಿಗೆ ಒಂಥರಾ ಅನ್ನಿಸುತ್ತದೆ, ನಂಬಿದರೆ ನಂಬಿ.

ಆರೂವರೆಗೆ ಬಿಸಿಲು ಅಡ್ಡ ಬಂತು. ಎಡಗಡೆಯಿಂದ, ಮರದ ಮೈ ಸವರಿಕೊಂಡು. ಅದುವರೆಗೆ ಚಪ್ಪಟೆಯಾಗಿ ಕಾಣುತ್ತಿದ್ದ ಮುಖದಲ್ಲಿ ಒಂದೊಂದು ಕುಳಿಗೂ ಒಂದೊಂದು ನೆರಳು ಹುಟ್ಟಿತು. ಎಫ್/11, ಸೆಕೆಂಡಿನ ಹದಿನೈದನೇ ಒಂದು ಭಾಗ, ಐಎಸ್‌ಒ 100. ಸತ್ತ ಮರದ ಒಂದು ಅನುಕೂಲ ಅಂದರೆ ಎಲೆ ಇಲ್ಲ, ಗಾಳಿಗೆ ಅಲ್ಲಾಡುವುದಿಲ್ಲ. ಆದರೆ ಹಿಂದೆ ಇದ್ದ ಎಳೆಯ ಫರ್ ಗಿಡಗಳು ಸುಮ್ಮನಿರಬೇಕಲ್ಲ? ಅವು ತಲೆ ಆಡಿಸುತ್ತಲೇ ಇದ್ದವು. ಗಾಳಿ ನಿಂತಾಗ ಒಂದು, ಮತ್ತೆ ನಿಂತಾಗ ಇನ್ನೊಂದು. ಒಟ್ಟು ಹನ್ನೊಂದು ಸಲ ಕ್ಲಿಕ್ ಮಾಡಿದೆ. ಆಮೇಲೆ ಪಡುವಣ ದಿಣ್ಣೆಯ ನೆರಳು ಬುಡದಿಂದ ಮೇಲಕ್ಕೆ ಏರುತ್ತಾ ಬಂದು, ಕೊನೆಗೆ ಮುರಿದ ತುದಿಯನ್ನೂ ನುಂಗಿತು.

ನಾಲ್ಕನೇ ದಿನ: ವಾಪಸ್

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಬೆಟ್ಟ ಇರುವ ದಿಕ್ಕಿನಲ್ಲಿ ಬರೀ ಬಿಳುಪು. ಮೊದಲೇ ಅಂದುಕೊಂಡಿದ್ದ ಕೊನೆಯ ಬೆಳಗಿನ ಶೂಟ್ ಬಿಟ್ಟೆ. ಗೆಳೆಯ ಎಂಟು ಗಂಟೆಯವರೆಗೆ ಮಲಗಿದ. ಎದ್ದ ಮೇಲೆ ನನ್ನ ಬಗ್ಗೆ ಅವನಿಗೆ ಸ್ವಲ್ಪ ಪ್ರೀತಿ ಮರಳಿ ಬಂದಿತ್ತು.

ಟ್ರೈಪಾಡ್‌ನ ಒಂದು ಕಾಲು ಒಳಗೆ ಹೋಗಲೊಲ್ಲದು. ಲಾಕ್ ತಿರುಗಿಸಿದರೆ ಕರಕರ. ಪ್ಯೂಮಿಸ್ ಕಚ್ಚಿಕೊಂಡಿದೆ. ಬಲವಂತ ಮಾಡಿದರೆ ಪೂರ್ತಿ ಹಾಳಾಗುತ್ತದೆ ಅಂತ, ಒಂದು ಕಾಲು ಚಾಚಿದ ಹಾಗೇ ಹಿಂದಿನ ಸೀಟಿನಿಂದ ಮುಂದಿನ ಸೀಟುಗಳ ನಡುವೆ ತೂರಿಸಿ ಇಟ್ಟೆ. ಪೋರ್ಟ್‌ಲ್ಯಾಂಡ್‌ವರೆಗೂ ಅದು ಇಬ್ಬರ ಮಧ್ಯೆ ಮೂರನೆಯವನ ಹಾಗೆ ಕೂತಿತ್ತು.

ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಗೆಳೆಯ ಕ್ಯಾಮೆರಾ ತೆಗೆದುಕೊಂಡು ನಿನ್ನೆ ಸಂಜೆಯದನ್ನು ನೋಡಿದ. ದೊಡ್ಡದು ಮಾಡಿ, ಕುಳಿ ಕುಳಿಯಾಗಿ, ಮೇಲಿಂದ ಕೆಳಗೆ ನೋಡಿದ. ಮರಕುಟಿಗನ ತೂತಿನ ಹತ್ತಿರ ನಿಂತ. ಹಿಂದಿನ ಹಸಿರು ಗಿಡಗಳನ್ನು ನೋಡಿದ. ಪಕ್ಕಕ್ಕೆ ಸರಿಸಿ ಸರಿಸಿ ಏನೋ ಹುಡುಕಿದ.

"ಇದರಲ್ಲಿ ಬೆಟ್ಟ ಎಲ್ಲಿ?"

"ನಾವು ಕೂತಿದ್ದ ಕಡೆ" ಅಂದೆ.

ಮತ್ತೆ ಒಂದು ಸಲ ನೋಡಿದ. ಕ್ಯಾಮೆರಾ ನನ್ನ ತೊಡೆಯ ಮೇಲಿಟ್ಟ. ಟ್ರೈಪಾಡ್‌ನ ಕಾಲನ್ನು ಮೊಣಕೈಯಿಂದ ಆಚೆ ತಳ್ಳಿ ಗೇರ್ ಹಾಕಿದ.